ಐವತ್ತರ ನಂತರದ ಗೆರೆ

ಜನವರಿ 8, ಸೋಮವಾರ

ಮತ್ತೆ ಲಿಫ್ಟ್ ಕೆಟ್ಟಿದೆ. ನಾಲ್ಕು ಮಹಡಿ ಇಳಿದು ಬಸ್ಸಿಗೆ ಓಡುವಷ್ಟರಲ್ಲಿ ಮಂಡಿ ಕೂಗಿಕೊಂಡಿತು. ಮನೆಯಲ್ಲೇ ಒಬ್ಬ ಲಿಫ್ಟ್ ಮೆಕ್ಯಾನಿಕ್ ಮಲಗಿದ್ದಾನೆ — ನನ್ನ ಸ್ವಂತ ತಮ್ಮ, ಇಪ್ಪತ್ತೈದು ವರ್ಷ ಅದೇ ಕೆಲಸ ಮಾಡಿದವನು. "ಒಂದ್ಸಲ ಹೋಗಿ ನೋಡೋ" ಅಂದರೆ ಗೋಡೆ ಕಡೆ ತಿರುಗಿದ. ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ಅವನ ಹತ್ತಿರ ಈಗೀಗ ಮಾತು ಅಳೆದು ತೂಗಿ ಆಡುತ್ತೇನೆ.

ಆಫೀಸಿನಲ್ಲಿ ಹೊಸ ಕಿರಿಕಿರಿ. ನೆಲಮಾಳಿಗೆ ಖಾಲಿ ಮಾಡಬೇಕಂತೆ. ನಮ್ಮ ಅಧ್ಯಯನದ ಹಳೆಯ ಕಾರ್ಡುಗಳೆಲ್ಲ ಅಲ್ಲಿವೆ, ತಗಡಿನ ಡಬ್ಬಗಳಲ್ಲಿ. ಮೂವತ್ತಾರು ವರ್ಷದವು. 1,840 ಜನ. ನಾಲ್ಕು ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಿ ಅವೇ ಇಪ್ಪತ್ತನಾಲ್ಕು ಪ್ರಶ್ನೆ. ಮನಸ್ಸು ಹೇಗಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಮನುಷ್ಯನ ಸುಖದುಃಖ ವಯಸ್ಸಿನ ಜೊತೆ ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು.

ಕಾರ್ಡಿನಲ್ಲಿರುವುದೆಲ್ಲ ಕಂಪ್ಯೂಟರಿನಲ್ಲೂ ಇದೆ ಎಂದು ನಾನು ಬರೆದುಕೊಟ್ಟರೆ ಕಾರ್ಡು ರದ್ದಿಗೆ. "ಒಂದು ಸಹಿ ತಾನೇ ಮೇಡಂ, ಹಾಕ್ಬಿಡಿ" ಎಂದ ಗುಮಾಸ್ತ. ನೋಡದೆ ಸಹಿ ಹಾಕುವ ಜಾಯಮಾನ ನನ್ನದಲ್ಲ ಅಂದೆ. ಎಷ್ಟು ಜಂಬ!

ಜನವರಿ 9

ತಮ್ಮ ಎರಡು ತುತ್ತು ತಿಂದ. ಆಮೇಲೆ ಎಂದಿನ ಪ್ರಶ್ನೆ: "ಗೆರೆ ಮೇಲಕ್ಕೇ ಹೋಗ್ತಿದೆ ತಾನೇ ಅಕ್ಕ?" ಹೋಗ್ತಿದೆ ಅಂದೆ. "ಹಂಗಾದ್ರೆ ಸರಿ" ಎಂದು ತಟ್ಟೆ ಸರಿಸಿದ.

ಅದರ ಕಥೆ ಇಷ್ಟು. ಹೋದ ವರ್ಷ ಗಂಟುಮೂಟೆ ಕಟ್ಟಿಕೊಂಡು ನನ್ನ ಮನೆಗೆ ಬಂದ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷ, ಆದರೆ ಅದು ಕಾರಣವಲ್ಲ ಅನ್ನುತ್ತಾನೆ. "ಕಾರಣ ಅಂತ ಒಂದಿದ್ದಿದ್ರೆ ಬಿಚ್ಚಿ ರಿಪೇರಿ ಮಾಡ್ತಿದ್ದೆ." ಬಂದ ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ಬದುಕು ಸಾಕಾಗಿದೆ ಎಂದ. ಹಾಲು ಮುಗಿದಿದೆ ಅನ್ನುವ ಧ್ವನಿಯಲ್ಲಿ. ಡಾಕ್ಟರ ಹತ್ತಿರ ಆ ಮಧ್ಯಾಹ್ನವೇ ಕರೆದುಕೊಂಡು ಹೋದೆ, ಮಾತ್ರೆ ಶುರುವಾಯಿತು. ಆದರೆ ಅದಕ್ಕಿಂತ ಮೊದಲು, ಕೈಗೆ ಸಿಕ್ಕ ಕಾಗದದ ಮೇಲೆ ನನ್ನ ಗೆರೆ ಎಳೆದು ತೋರಿಸಿದ್ದೆ. ಆರು ವರ್ಷದ ಹಿಂದೆ ನಾನೇ ಪ್ರಕಟಿಸಿದ ಗೆರೆ. ಮೂವತ್ತೈದರಿಂದ ಇಳಿಯುತ್ತದೆ, ಐವತ್ತಕ್ಕೆ ತಳ ಮುಟ್ಟುತ್ತದೆ, ಆಮೇಲೆ ಏರುತ್ತದೆ. ಅರವತ್ತೈದಕ್ಕೆ ಯೌವನಕ್ಕಿಂತ ಮೇಲೆ. ನಲವತ್ತೇಳರ ಹತ್ತಿರ ಚುಕ್ಕಿ ಇಟ್ಟು, "ನೀನು ಇಲ್ಲಿದೀಯ. ಇನ್ನು ಸ್ವಲ್ಪ ದಿನ, ಅಷ್ಟೇ" ಅಂದೆ.

ಬಹಳ ಹೊತ್ತು ನೋಡಿದ. ಮುದ್ರಿತ ಪ್ರಬಂಧ ಇದ್ದರೆ ಕೊಡು ಎಂದ. ಕೊಟ್ಟೆ. ಮರುದಿನ ಬೆಳಿಗ್ಗೆ ಬಂದು, "ಐವತ್ತರವರೆಗೆ ನೋಡ್ತೀನಿ. ನಿನ್ನ ಮಾತಿನ ಮೇಲೆ" ಎಂದ.

ಆವತ್ತಿನಿಂದ ಅವನು ಬದುಕಿರುವುದು ಆ ಗೆರೆಯ ಮೇಲೆ. ಮಾರ್ಚಿಗೆ ನಲವತ್ತೆಂಟು.

ಜನವರಿ 11

ನೆಲಮಾಳಿಗೆಯಲ್ಲಿ ಬೆಳಿಗ್ಗೆಯಿಂದ. ಧೂಳು, ಸೀನು. ಎಂಟು ಡಬ್ಬ ನೋಡಿದೆ. ಅಂಕಗಳೆಲ್ಲ ಸರಿ ಇವೆ, ಒಂದೂ ತಪ್ಪಿಲ್ಲ. ಖುಷಿಯಾಯಿತು.

ಒಂಬತ್ತನೆಯ ಡಬ್ಬದಲ್ಲಿ ಅಧ್ಯಯನ ಬಿಟ್ಟುಹೋದವರ ಕಾರ್ಡು. ಕಂಪ್ಯೂಟರಿನಲ್ಲಿ ಅವರಿಗೆಲ್ಲ ಒಂದೇ ಗುರುತು — 9. ಬಿಟ್ಟವರು. ಪ್ರೋಗ್ರಾಮ್ 9 ಕಂಡರೆ ದಾಟಿಕೊಂಡು ಹೋಗುತ್ತದೆ. ಕಾರ್ಡಿನಲ್ಲಿ ಮಾತ್ರ 9ರ ಪಕ್ಕ ಪೆನ್ಸಿಲಿನಲ್ಲಿ ಒಂದೊಂದು ಅಕ್ಷರ. ಎ, ಬಿ, ಸಿ, ಡಿ. ಏನೆಂದು ನೆನಪಿಗೆ ಬರಲಿಲ್ಲ. ಎಲ್ಲೋ ಪಟ್ಟಿ ಇರಬೇಕು.

ಜನವರಿ 12

ಪಟ್ಟಿ ಸಿಕ್ಕಿತು. ಮುಚ್ಚಳದ ಒಳಗೇ ಅಂಟಿಸಿದ್ದಾರೆ.

ಎ — ತೀರಿಕೊಂಡರು. ಬಿ — ಕಾಯಿಲೆ, ಮಾತಾಡುವ ಸ್ಥಿತಿ ಇಲ್ಲ. ಸಿ — ಬಾಗಿಲು ತೆಗೆಯಲಿಲ್ಲ. ಡಿ — ಊರು ಬಿಟ್ಟರು.

ಆ ಕಾಲದ ಫೈಲಿನಲ್ಲಿ ಕಾಲಮ್ಮಿಗೆ ಒಂದೇ ಅಂಕೆಯ ಜಾಗ. ಅಕ್ಷರಗಳನ್ನು ಉದುರಿಸಿ ಬರೀ 9 ಉಳಿಸಿದ್ದು ಯಾರು ಅಂತ ಹುಡುಕಬೇಕಾಗಿಲ್ಲ. ನಾನೇ. ಒಂದು ಮಧ್ಯಾಹ್ನದ ಕೆಲಸ. ಡೇಟಾ ಸ್ವಚ್ಛ ಮಾಡುವುದು ಅನ್ನುತ್ತೇವೆ ಅದಕ್ಕೆ. ಸ್ವಚ್ಛ ಮಾಡಿ ಕಾಫಿ ಕುಡಿದಿದ್ದೆ.

ಎ ಎಷ್ಟು ಎಂದು ಎಣಿಸಲು ಹೊರಟೆ. ಇನ್ನೂರು ದಾಟಿದ ಮೇಲೆ ನಿಲ್ಲಿಸಿದೆ.

ಜನವರಿ 15

ಇವತ್ತು ಮಾಡಿದ ಲೆಕ್ಕ ಮಾಡಬಾರದಿತ್ತು. ಅಥವಾ ಆರು ವರ್ಷದ ಹಿಂದೆಯೇ ಮಾಡಬೇಕಿತ್ತು.

ಐವತ್ತರಲ್ಲಿ ಉತ್ತರ ಕೊಟ್ಟವರು 1,702. ಸರಾಸರಿ 4.6. ಅರವತ್ತೈದರಲ್ಲಿ ಕೊಟ್ಟವರು 611. ಸರಾಸರಿ 6.8. ಇದೇ ನನ್ನ ಗೆರೆ. ಇದೇ ನನ್ನ ಏರಿಕೆ.

ಉಳಿದ ಆ 611 ಜನರನ್ನು ಮಾತ್ರ ಬೇರೆ ಮಾಡಿ, ಅವರು ಐವತ್ತರಲ್ಲಿ ಏನು ಹೇಳಿದ್ದರು ಎಂದು ನೋಡಿದೆ. 6.8. ಆಗಲೂ ಅಷ್ಟೇ, ಈಗಲೂ ಅಷ್ಟೇ. ನಡುವೆ ಬಿಟ್ಟುಹೋದ 1,091 ಜನ ಐವತ್ತರಲ್ಲಿ ಹೇಳಿದ್ದು — 3.4.

ಯಾರೂ ಏರಲಿಲ್ಲ. ನೊಂದವರು ಒಬ್ಬೊಬ್ಬರೇ ಎದ್ದು ಹೋದರು, ಅಷ್ಟೇ. ಫೇಲಾದವರನ್ನೆಲ್ಲ ಆಚೆ ಕಳಿಸಿ ಕ್ಲಾಸಿನ ಸರಾಸರಿ ಏರಿತು ಎಂದು ಬೀಗುವ ಮೇಷ್ಟ್ರ ಕೆಲಸ ಮಾಡಿದ್ದೇನೆ. ಅದಕ್ಕೆ ಪದಕ ಬೇರೆ ಕೊಟ್ಟರು.

ಮೂರು ಸಲ ಲೆಕ್ಕ ಹಾಕಿದೆ. ಬೇರೆ ಪ್ರೋಗ್ರಾಮಿನಲ್ಲಿ ಹಾಕಿದೆ. ಕೈಯಲ್ಲಿ ಹಾಕಿದೆ.

ಸಂಜೆ ಮನೆಗೆ ಬಂದಾಗ ತಮ್ಮ ಗಡ್ಡ ಬೋಳಿಸಿಕೊಂಡಿದ್ದ. ಹನ್ನೆರಡು ದಿನದ ಮೇಲೆ. ಕೆನ್ನೆಯಲ್ಲಿ ಒಂದು ಗಾಯ. "ಏನಕ್ಕ, ಮುಖ ಸೊಟ್ಟ ಮಾಡ್ಕೊಂಡಿದೀಯ?" ತಲೆನೋವು ಅಂದೆ. "ಗೆರೆ?" ಅಂದ. ಮೇಲಕ್ಕೇ ಅಂದೆ. ಮುಖ ತಪ್ಪಿಸಿ ಚಪ್ಪಲಿ ಬಿಚ್ಚಿದ್ದು ಅವನಿಗೆ ಕಾಣಿಸಿತೋ ಏನೋ.

ಜನವರಿ 19

ಮನೆಮನೆ ಸರ್‌ಗೆ ಫೋನ್ ಮಾಡಿದೆ. ಅವರ ಅಡ್ಡಹೆಸರು ಅದು. ಇಪ್ಪತ್ತೆಂಟು ವರ್ಷ ಪ್ರಶ್ನೆಪಟ್ಟಿ ಹಿಡಿದು ಮನೆಮನೆ ಅಲೆದವರು, ನಿವೃತ್ತರಾಗಿ ಎಂಟು ವರ್ಷ. ಆ ಪೆನ್ಸಿಲ್ ಅಕ್ಷರಗಳೆಲ್ಲ ಅವರ ಕೈಬರಹವೇ. ಕಿವಿ ಮಂದ, ಕಿರುಚಿ ಹೇಳಿದೆ.

"ಬರ್ದಿದ್ದೆನಲ್ಲಮ್ಮ. ಪ್ರತಿಯೊಬ್ಬರದ್ದೂ ಬರ್ದಿದ್ದೆ. ಓದ್ಲಿಲ್ವಾ ಯಾರೂ?"

ಇಲ್ಲ ಸರ್ ಅಂದೆ.

"ಸಿ ಹಾಕಿದೀನಲ್ಲ, ಬಾಗಿಲು ತೆಗೀಲಿಲ್ಲ ಅಂತ — ಅವ್ರೆಲ್ಲ ಒಳಗೇ ಇರ್ತಿದ್ರು ಕಣಮ್ಮ. ಫ್ಯಾನ್ ಓಡೋದು ಕೇಳ್ಸೋದು. ಮೂರು ಮೂರು ಸಲ ಹೋಗ್ತಿದ್ದೆ. ಆಫೀಸಲ್ಲಿ ಯಾರಾದ್ರೂ ವಿಚಾರಿಸ್ತಾರೆ ಅಂದ್ಕೊಂಡಿದ್ದೆ."

ಕ್ಷಮಿಸಿ ಅಂದೆ. ಕೇಳಿಸಲಿಲ್ಲ ಅವರಿಗೆ. ಇನ್ನೊಂದು ಸಲ ಕಿರುಚಿ ಹೇಳುವ ಧೈರ್ಯ ಬರಲಿಲ್ಲ.

ಜನವರಿ 30

ಸಿ ಗುಂಪಿನ ಅರವತ್ತು ಜನರನ್ನು ಹುಡುಕುತ್ತಿದ್ದೇನೆ. ಹದಿನೇಳು ಫೋನು ಬದುಕಿವೆ. ಅವುಗಳಲ್ಲಿ ಹನ್ನೊಂದರ ಆ ತುದಿಯಲ್ಲಿ ಬೇರೆಯವರು. ಮಗ, ಅತ್ತಿಗೆ, ಒಬ್ಬ ಪಕ್ಕದ ಮನೆಯವರು. "ಅವ್ರು ಹೋಗಿ ಆಯ್ತಲ್ಲ, ಹತ್ತು ವರ್ಷ." ಹೇಗೆ ಹೋದರು ಎಂದು ನಾನು ಕೇಳುವುದಿಲ್ಲ, ನಿಯಮದಲ್ಲಿಲ್ಲ. ಅವರೇ ಹೇಳುತ್ತಾರೆ. ಕೆಲವರು ಹೇಳದೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಗಲೂ ಗೊತ್ತಾಗುತ್ತದೆ.

ಐದು ಫೋನು ಯಾರೂ ಎತ್ತಲಿಲ್ಲ. ಒಬ್ಬರು ಮಾತ್ರ ಸ್ವತಃ ಸಿಕ್ಕರು, ಎಪ್ಪತ್ತೊಂದರ ಹೆಂಗಸು, ಹಿಂದೆ ದರ್ಜಿ. ಈಗ ಮನಸ್ಸು ಹೇಗಿದೆ, ಎಷ್ಟು ಅಂಕ ಅಂದೆ.

"ಒಂದು ಬರ್ಕೊಳಿ. ಸೊನ್ನೆ ಅಂದ್ರೆ ನಿಮಗೆ ಬೇಜಾರಾಗುತ್ತೆ."

ನಗು ಬಂತು. ಅವರೂ ನಕ್ಕರು. ಆಮೇಲೆ ನಾನು ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 6

ಪ್ರೊಫೆಸರಿಗೆ ಹೇಳಿದೆ. ಅರವತ್ತಾರು ಅವರಿಗೆ, ಈ ಅಧ್ಯಯನದ ತಾಯಿ. ನನ್ನ ಕಾಗದಗಳನ್ನು ನೋಡುತ್ತ ಕನ್ನಡಕ ತೆಗೆದರು, ಹಾಕಿದರು, ತೆಗೆದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ತಿದ್ದುಪಡಿ ಕಳಿಸು. ನಿನ್ನ ಹೆಸರಲ್ಲೇ. ನನ್ನ ಹೆಸರೂ ಹಾಕು."

"ಸ್ವಲ್ಪ ದಿನ ತಡೀಬಹುದಾ ಮೇಡಂ? ಎರಡು ವರ್ಷ..."

"ಎರಡು ವರ್ಷಾನಾ? ತಲೆ ಕೆಟ್ಟಿದೆಯಾ ನಿಂಗೆ?" ಡ್ರಾಯರಿನಿಂದ ಒಂದು ಕರಪತ್ರ ತೆಗೆದು ಮುಂದೆ ಹಾಕಿದರು. ಆಪ್ತಸಲಹಾ ಕೇಂದ್ರದ್ದು. ನನ್ನ ಗೆರೆ, ಕೆಳಗೆ ದಪ್ಪಕ್ಷರ: ತಾಳಿ, ಐವತ್ತರ ನಂತರ ಹಾದಿ ಏರುತ್ತದೆ. "ಇದನ್ನ ನಂಬ್ಕೊಂಡು ಎಷ್ಟು ಜನ ಚಿಕಿತ್ಸೆ ಬಿಟ್ಟು ಸುಮ್ನೆ ಕೂತಿದಾರೆ, ಹೇಳು. ತಾನಾಗೇ ಸರಿಹೋಗುತ್ತೆ ಅಂತ."

ಮನೆಯಲ್ಲಿ ಒಬ್ಬ ಇದ್ದಾನೆ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿದೆ.

ಮೇಡಂ ಹೇಳುವುದು ಸರಿ. ಸರಿ ಎಂದು ಗೊತ್ತಿದ್ದೂ ಅವರ ಮೇಲೆ ಮೈಯುರಿಯುವಷ್ಟು ಕೋಪ. ಅವರ ತಮ್ಮ ಅಲ್ಲವಲ್ಲ.

ಫೆಬ್ರವರಿ 20

ತಿದ್ದುಪಡಿ ಕಳಿಸಿದೆ. ಮನೆಯಲ್ಲಿ ಬಾಯಿಗೆ ಬೀಗ. ತಮ್ಮ ಪೇಪರು ಓದುವುದಿಲ್ಲ, ಇಂಟರ್ನೆಟ್ ನೋಡುವುದಿಲ್ಲ. ಹೇಗೋ ಐವತ್ತು ದಾಟಿಸಿಬಿಟ್ಟರೆ... ದಾಟಿದ ಮೇಲೆ ಏನು? ಅಲ್ಲಿ ಏನಿದೆ? ನನಗೆ ಐವತ್ತಮೂರು. ನಾನು ದಾಟಿಯೇ ಬಂದವಳು. ಏನಿತ್ತು?

ಈ ಪ್ರಶ್ನೆ ಇಷ್ಟು ದಿನ ಕೇಳಿಕೊಂಡಿರಲೇ ಇಲ್ಲ. ನನ್ನದು ಬರೀ 1,840 ಜನರ ಚಿಂತೆ.

ಮಾರ್ಚ್ 2, ಶನಿವಾರ

ಅವನ ಹುಟ್ಟುಹಬ್ಬ. ನಲವತ್ತೆಂಟು. ಅವನಿಗೆ ಇಷ್ಟವಾದ ಕಡುನೀಲಿ ಶರ್ಟ್ ತಂದಿದ್ದೆ. ಹಾಕಿಕೊಂಡ, ಭುಜದಲ್ಲಿ ದೊಗಳೆ. ತೂಕ ಇಳಿದಿದ್ದಾನೆ.

"ಇನ್ನು ಎರಡೇ ವರ್ಷ" ಅಂದೆ, ಉತ್ಸಾಹ ತಂದುಕೊಂಡು. ಅವನು ನನ್ನ ಮುಖವನ್ನೇ ನೋಡಿದ. ಮೊದಲ ಸಲ ಗೆರೆಯ ಬಗ್ಗೆ ಕೇಳಲಿಲ್ಲ.

ಮಾರ್ಚ್ 3, ಭಾನುವಾರ

ಬೆಳಿಗ್ಗೆ ಕಾಫಿ ಸೋಸುತ್ತಿದ್ದೆ. ಬಂದು ಸ್ಟೂಲಿನ ಮೇಲೆ ಕುಳಿತ. ಕೈಯಲ್ಲಿ ಹೋದ ವರ್ಷ ನಾನು ಕೊಟ್ಟ ಪ್ರಬಂಧ.

"ಅಕ್ಕ, ಒಂದು ಲೆಕ್ಕ. ಕೆಳಗೆ ಹದಿನೇಳು ಜನ ಲಿಫ್ಟ್ ಹತ್ತಿದ್ರು. ಮೇಲೆ ಬಾಗಿಲು ತೆಗೆದ್ರೆ ಆರೇ ಜನ ಇಳಿದ್ರು. ಲಿಫ್ಟ್ ಚೆನ್ನಾಗಿ ಓಡ್ತು ಅಂತ ಸರ್ಟಿಫಿಕೇಟ್ ಕೊಡ್ತೀಯಾ?"

ಸೋಸುವ ಬಟ್ಟೆ ಕೈಯಲ್ಲೇ ಉಳಿಯಿತು. ಯಾರು ಹೇಳಿದರು ಅಂದೆ.

"ಯಾರೂ ಹೇಳ್ಲಿಲ್ಲ. ಇಲ್ಲೇ ಬರ್ದಿದ್ದೀಯಲ್ಲ, ಕೆಳಗೆ, ಸಣ್ಣಕ್ಷರದಲ್ಲಿ. ಐವತ್ತಕ್ಕೆ ಸಾವಿರದ ಏಳುನೂರು. ಅರವತ್ತೈದಕ್ಕೆ ಆರುನೂರು. ಮಿಕ್ಕೋರು ಎಲ್ಲಿ ಅಂತ ಮೊದಲನೇ ದಿನಾನೇ ಅನ್ನಿಸ್ತು."

"ಮೊದಲನೇ ದಿನಾನೇ?"

"ಹೂಂ. ನಮ್ಮ ಕೆಲಸದಲ್ಲಿ ಅದೇ ಮೊದಲು ನೋಡೋದು."

"ಮತ್ತೆ ಯಾಕೋ ಸುಮ್ನಿದ್ದೆ? ವರ್ಷಪೂರ್ತಿ ದಿನಾ ದಿನಾ ಗೆರೆ ಗೆರೆ ಅಂತ ನನ್ನ ಪ್ರಾಣ ತಿಂದ್ಯಲ್ಲ!"

ಪ್ರಬಂಧವನ್ನು ಮಡಚಿ ಪಕ್ಕಕ್ಕಿಟ್ಟ. "ನೀನು ನಂಬಿದ್ದೆ. ಹೋಗ್ತಿದೆ ಅಂತ ನೀನು ಹೇಳೋವಾಗ ನಿನ್ನ ಮುಖ ನೋಡ್ತಿದ್ದೆ. ಇಷ್ಟು ಓದಿದವಳು, ಇಷ್ಟು ಗಟ್ಟಿಯಾಗಿ ನಂಬಿದಾಳೆ, ಇರ್ಲಿ, ಏನಾದ್ರೂ ಇರ್ಬಹುದು ಅನ್ಸೋದು. ಅಷ್ಟರಲ್ಲಿ ಒಂದು ದಿನ ಕಳೀತಿತ್ತು. ಜನವರಿಯಿಂದ ಆ ಮುಖ ಇಲ್ಲ."

ನಾನು ಇಷ್ಟು ದಿನ ಸುಳ್ಳು ಹೇಳಿ ಅವನನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹದಿನೈದನೇ ತಾರೀಕು ಮನೆ ಹೊಕ್ಕ ಕ್ಷಣವೇ ಅವನಿಗೆ ತಿಳಿದಿತ್ತು.

"ಈಗ ಏನು ಹೇಳ್ತೀಯ?" ಎಂದ. ಕುಹಕ ಇರಲಿಲ್ಲ. ನಿಜವಾಗಿ ಕೇಳಿದ.

ಇಪ್ಪತ್ತೊಂಬತ್ತು ವರ್ಷದ ಕೆಲಸ, ಒಂದು ವಾಕ್ಯ ಹೊಳೆಯಲಿಲ್ಲ. "ಇವತ್ತೊಂದು ದಿನ ಇರೋ" ಅಂದೆ. ಅಳುತ್ತಿದ್ದೆ.

"ಹೂಂ" ಎಂದ.

ಮಾರ್ಚ್ 4

ಡಾಕ್ಟರ ಹತ್ತಿರ. ಮಾತ್ರೆ ಬದಲಾಯಿಸಿದರು. ಒಂಟಿಯಾಗಿ ಬಿಡಬೇಡಿ, ಕೋಣೆಯ ಚಿಲಕ ತೆಗೆಸಿ ಎಂದರು. ಆಸ್ಪತ್ರೆಯಲ್ಲಿ ಮಂಚ ಖಾಲಿ ಇಲ್ಲ, ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಆರು ವಾರ ಆಗಬಹುದಂತೆ. ರಜೆ ಹಾಕಿದೆ.

ಚಿಲಕವನ್ನು ತಮ್ಮನೇ ಬಿಚ್ಚಿಕೊಟ್ಟ. ನಾಲ್ಕು ಸ್ಕ್ರೂ, ಎರಡು ನಿಮಿಷ.

ಮಾರ್ಚ್ 23

ಹತ್ತೊಂಬತ್ತು ದಿನ ಬರೆದಿಲ್ಲ. ಬರೆಯಲು ಬೇಕಾದ ಮನಸ್ಸು ಎಲ್ಲಿಂದ ತರಲಿ.

ಈಗ ನಮ್ಮಿಬ್ಬರದು ಒಂದು ಕರಾರು. ಬೆಳಿಗ್ಗೆ ಏಳಕ್ಕೆ ಎದ್ದು ಅಡುಗೆಮನೆಗೆ ಬರುತ್ತಾನೆ. "ಹೇಳು" ಅನ್ನುತ್ತಾನೆ. "ಇವತ್ತೊಂದು ದಿನ ಇರೋ" ಅನ್ನುತ್ತೇನೆ. "ಹೂಂ" ಅನ್ನುತ್ತಾನೆ. ಕಾಫಿ ಕುಡಿಯುತ್ತೇವೆ. ನಾಳೆಯ ಮಾತು ಇಬ್ಬರೂ ಎತ್ತುವುದಿಲ್ಲ.

ಕರಾರಿನಲ್ಲಿ ಅವನದೂ ಒಂದು ಷರತ್ತು. ಬೆಳಗ್ಗೆ ನಾನು ಹೋಗಿ ಇಣುಕಬಾರದು. "ನೀನು ಬಾಗಿಲು ಸರಿಸಿ ಉಸಿರಾಡ್ತಿದೀನಾ ಅಂತ ನೋಡೋದು ನಂಗೆ ಗೊತ್ತಾಗುತ್ತೆ. ಹೆಣ ಕಾದಂಗೆ ಕಾಯ್ಬೇಡ. ನಾನೇ ಎದ್ದು ಬರ್ತೀನಿ. ಏಳೂವರೆವರೆಗೆ ಸುಮ್ನಿರು." ಒಪ್ಪಿಕೊಂಡೆ. ಡಾಕ್ಟರಿಗೆ ಹೇಳಿಲ್ಲ.

ಆರೂವರೆಯಿಂದ ಏಳರವರೆಗಿನ ಆ ಅರ್ಧಗಂಟೆ. ನನ್ನ ಶತ್ರುವಿಗೂ ಬೇಡ.

ಮಾರ್ಚ್ 29

ಇಪ್ಪತ್ತೇಳು ದಿನ. ಇಪ್ಪತ್ತೇಳು ಹೂಂ. ಇವತ್ತು ಕೆಳಗೆ ಇಳಿದು ಲಿಫ್ಟ್ ನೋಡಿದ. ಅದರ ಬಾಗಿಲಿಗೆ ಕಿವಿ ಕೊಟ್ಟು ನಿಂತ. ಬ್ರೇಕಿನ ಪಟ್ಟಿ ಸವೆದಿದೆ ಎಂದ. ರಿಪೇರಿ ಮಾಡಲಿಲ್ಲ, ವಾಚ್‌ಮನ್‌ಗೆ ಹೇಳಿದ. ನನಗೆ ಕುಣಿದಾಡುವಂತಾಯಿತು. ಎರಡು ಗಂಟೆ. ಆಮೇಲೆ ಮತ್ತೆ ಗೋಡೆ ಕಡೆ.

ಏಪ್ರಿಲ್ 3

ಮೇಡಂ ಬಲವಂತಕ್ಕೆ ಸೆಮಿನಾರಿಗೆ ಹೋದೆ. ತಮ್ಮನ ಜೊತೆ ಪಕ್ಕದ ಮನೆಯ ನಿವೃತ್ತ ನರ್ಸ್ ಕೂತಿದ್ದರು. ತಿದ್ದುಪಡಿ ಓದಿದೆ. ಎರಡು ಗಂಟೆ ಪ್ರಶ್ನೆ. ಒಬ್ಬ ಮಹಾಶಯ ಎದ್ದು, "ಆರು ವರ್ಷ ನಿಮಗೆ ಇದು ಕಾಣಲೇ ಇಲ್ಲವೇ?" ಎಂದ. ಕಾಣಲಿಲ್ಲ ಅಂದೆ. ಒಬ್ಬಳು ಆಚೆ ತಡೆದು ನಿಲ್ಲಿಸಿದಳು. ಅವಳ ಅಪ್ಪ ನನ್ನ ಕರಪತ್ರ ನೋಡಿ ಮಾತ್ರೆ ನಿಲ್ಲಿಸಿದ್ದರಂತೆ. ಈಗ ಹೇಗಿದ್ದಾರೆ ಅಂದೆ. ಉತ್ತರ ಕೊಡದೆ ಹೋದಳು.

ಬಂದು ಬಟ್ಟೆ ಬದಲಾಯಿಸದೆ ಮಲಗಿದೆ.

ಏಪ್ರಿಲ್ 4

ಏಳಕ್ಕೆ ಬಂದ. "ಹೇಳು" ಎಂದ.

ನನಗೆ ಏನಾಯಿತೋ. ತಲೆ ಸಿಡಿಯುತ್ತಿತ್ತು, ಹಾಲು ಉಕ್ಕಿ ಒಲೆಯೆಲ್ಲ ಹೊಲಸಾಗಿತ್ತು. "ದಿನಾ ನಾನೇ ಯಾಕೋ ಹೇಳ್ಬೇಕು? ನಂಗೂ ಸಾಕಾಗಿದೆ. ನೀನೇ ಹೇಳ್ಕೋ ಹೋಗು!" ಅಂದುಬಿಟ್ಟೆ.

"ಸರಿ" ಎಂದ. ಹೂಂ ಅಲ್ಲ. ಸರಿ. ಕಾಫಿ ಲೋಟ ತೆಗೆದುಕೊಂಡು ಕೋಣೆಗೆ ಹೋದ.

ಓಡಿಹೋಗಿ ಹೇಳಿದೆ. ತಪ್ಪಾಯ್ತು ಕಣೋ, ಇರೋ, ಇವತ್ತು ಇರೋ ಅಂದೆ. ಬೆನ್ನು ತಟ್ಟಿದ. "ಪರವಾಗಿಲ್ಲ ಬಿಡಕ್ಕ. ನಿಂಗೂ ಸುಸ್ತಾಗುತ್ತಲ್ಲ. ನಂಗೆ ಅರ್ಥ ಆಗುತ್ತೆ." ಅಷ್ಟು ಮೃದುವಾಗಿ ಮಾತಾಡಬಾರದಿತ್ತು ಅವನು. ಬೈಯಬೇಕಿತ್ತು.

ಇಡೀ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಹತ್ತಕ್ಕೆ ಕರೆತನ್ನಿ, ಮಂಚ ಇರಲಿ ಬಿಡಲಿ ಸೇರಿಸಿಕೊಳ್ಳುತ್ತೇವೆ ಎಂದರು. ಅವನಿಗೆ ಹೇಳಿದೆ. ಒಪ್ಪಿದ. ಊಟ ಸರಿಯಾಗಿ ಮಾಡಿದ. ತಟ್ಟೆ ತೊಳೆದಿಟ್ಟ. ನಿನ್ನ ಕೋಣೆಯಲ್ಲೇ ಮಲಗುತ್ತೇನೆ ಅಂದೆ. "ಕರಾರು ಮುರೀಬೇಡಕ್ಕ" ಎಂದ. ಮುರಿಯಲಿಲ್ಲ.

ಏಪ್ರಿಲ್ 5, ಬೆಳಿಗ್ಗೆ 7.05

ಇನ್ನೂ ಬಂದಿಲ್ಲ. ಆಸ್ಪತ್ರೆ ಚೀಲ ರೆಡಿ ಮಾಡಿಟ್ಟಿದ್ದೇನೆ. ಟವೆಲ್, ಎರಡು ಜೊತೆ ಬಟ್ಟೆ, ಕನ್ನಡಕ. ಸುಮ್ಮನೆ ಕೂರಲಾಗುತ್ತಿಲ್ಲ. ಬರೆಯುತ್ತಿದ್ದರೆ ಎದ್ದು ಹೋಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

7.12

ಒಂದು ದಿನವೂ ಏಳು ಮೀರಿಲ್ಲ. ಹೊಸ ಮಾತ್ರೆಗೆ ನಿದ್ದೆ ಹೆಚ್ಚು ಬರುತ್ತದೆ, ಡಾಕ್ಟರೇ ಹೇಳಿದ್ದರು. ನಿದ್ದೆಯೇ ಇರಬೇಕು.

7.18

ಜೋರಾಗಿ ಪಾತ್ರೆ ಸದ್ದು ಮಾಡಿದೆ. ಕೆಮ್ಮಿದೆ. ಕರೆಯುವುದು ಕರಾರಿನಲ್ಲಿ ಬೇಡ ಅಂದಿಲ್ಲ. ಕರೆದೆ, ಎರಡು ಸಲ. ಕಾಫಿ ಆರುತ್ತಿದೆ ಬಾರೋ ಅಂದೆ.

7.21

ಕರಾರು ಮಣ್ಣು ಮಸಿ. ಏನು ಕರಾರು! ಚಿಲಕ ಇಲ್ಲ, ತಳ್ಳಿದರೆ ಬಾಗಿಲು ತೆರೆಯುತ್ತದೆ. ನಾನು ಹೋಗದೆ ಇಲ್ಲಿ ಯಾಕೆ ಕೂತಿದ್ದೇನೆ? ಹೋದರೆ ಗೊತ್ತಾಗಿಬಿಡುತ್ತದೆ. ಇಲ್ಲಿ ಕೂತಿರುವಷ್ಟು ಹೊತ್ತು ಅವನು ಮಲಗಿದ್ದಾನೆ, ಅಷ್ಟೇ.

7.22

ಒಳಗೆ ಏನೋ ಸದ್ದಾಯಿತು. ಮಂಚದ್ದು. ಮೇಲಿನ ಮನೆಯವರು ಕುರ್ಚಿ ಎಳೆದದ್ದೂ ಹೀಗೇ ಕೇಳಿಸುತ್ತದೆ. ಅಲ್ಲ, ಮಂಚದ್ದೇ. ಮಂಚ ಎಂದೇ ಬರೆಯುತ್ತೇನೆ. ಹೋಗಿ ನೋಡಿ ಬಂದು —